ಶುಕ್ರವಾರದ ಕುಂಕುಮ ಭರಣಿ

ನಮ್ಮ ಸೋದರತ್ತೆಯಷ್ಟು ಭಕ್ತಿವಂತೆ ಇಡೀ ಮಂಡಿ ಮೊಹಲ್ಲಾದಲ್ಲೇ ಇರಲಿಲ್ಲ. ಯಾವ ದೇವರ ಭಕ್ತೆ ಎನ್ನುವುದು ಮಾತ್ರ ಆ ದೇವರಿಗೂ ಗೊತ್ತಿರಲಿಲ್ಲ! ಗೌರಿಹಬ್ಬಕ್ಕೋ ನವರಾತ್ರಿಗೋ ಅರಿಶಿನ ಕುಂಕುಮಕ್ಕೆ ಕರೆಯುವುದು ಲೋಕರೂಢಿ. ಈಕೆ ಪ್ರತಿ ಶುಕ್ರವಾರವೂ ಬೆಳ್ಳಿಯ ಕುಂಕುಮ ಭರಣಿ ಹಿಡಿದು ಬೀದಿಗಿಳಿಯುತ್ತಿದ್ದಳು. ಆಷಾಢವಿಲ್ಲ, ಅಧಿಕಮಾಸವಿಲ್ಲ.

ಒಳಗಿನ ಸಂಗತಿಯೇ ಬೇರೆ. ಮನೆಗೇ ಅಂಟಿಕೊಂಡಿದ್ದ ಮಾವನ ಬೆಲ್ಲದ ಮಂಡಿಯ ಹಿಂದಿನ ಕೋಣೆಯಲ್ಲಿ, ಮೂಟೆಗಳ ಮರೆಯಲ್ಲಿ, ಕೆಲಸದಿಂದ ನಿವೃತ್ತರಾದ ಲೇಡಿ ಡಾಕ್ಟರೊಬ್ಬರು ಸ್ಟೆತಾಸ್ಕೋಪು ಹಿಡಿದು ಕೂತಿರುತ್ತಿದ್ದರು. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷಗಳಾಗಿದ್ದವು. ನಮ್ಮ ಬೀದಿಯ ಸೊಸೆಯರು ಆಸ್ಪತ್ರೆಗೆ ಹೋಗಬೇಕಾದರೆ ಮಾತ್ರ ಇನ್ನೂ ಮನೆಯ ಹಿರಿಯಳ ಅಪ್ಪಣೆ ಬೇಕಿತ್ತು. ಆದರೆ ಅರಿಶಿನ ಕುಂಕುಮಕ್ಕೆ ಕರೆದರೆ ಎಂಥ ಹಿರಿಯಳೂ ಬಾಯಿ ಬಿಡುವಂತಿಲ್ಲ. ಮನೆಬಾಗಿಲಿಗೆ ಬಂದ ಕುಂಕುಮವನ್ನು ಬೇಡ ಎನ್ನುವುದುಂಟೆ? ಹಿಂದಿನ ಗಲ್ಲಿಯ ಮುಸ್ಲಿಮರ ಮನೆಗಳಿಗೆ ನಮ್ಮತ್ತೆ ಭರಣಿಯ ಬದಲು ಮಲ್ಲಿಗೆ ಹೂವು ಹಿಡಿದು ಹೋಗುತ್ತಿದ್ದಳು.

ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಸಾಲದು, ಮಾತ್ರೆಯ ಜೊತೆ ಬೆಲ್ಲ ತಿನ್ನಿ ಅನ್ನುವರು. ನಮ್ಮತ್ತೆ ಅಲ್ಲೇ ಮೂಟೆಗೆ ಕೈಹಾಕಿ ಅಚ್ಚು ಬೆಲ್ಲ ತೆಗೆದು ಮಡಿಲಿಗೆ ಹಾಕುವಳು. ಈ ಡಾಕ್ಟರು ಒಂದು ದಿನವಾದರೂ ಉಪ್ಪು ತಿನ್ನಿ ಅನ್ನಬಾರದೆ ಎಂದು ಮಾವ ಗೊಣಗುತ್ತಿದ್ದರು. ಅವಳಿಗೆ ಕೇಳಿಸಬೇಕಲ್ಲ! ಔಷಧಿಗಿಂತ ಮಾತೇ ಬೇಕಾಗಿ ಬಂದವರನ್ನು ಮೂಟೆಯ ಮೇಲೆ ಕೂರಿಸಿಕೊಂಡು, ಮೊದಲು ಅತ್ತು ಮುಗಿಸು, ಆಮೇಲೆ ದಾರಿ ಹುಡುಕೋಣ ಎನ್ನುತ್ತಿದ್ದಳು.

ಒಮ್ಮೆ ಬನ್ನಿಮಂಟಪದ ಕಡೆಯ ಜಟಕಾದವನೊಬ್ಬ, ನನ್ನ ಹೆಂಡತಿಗೆ ಏನು ಕಲಿಸುತ್ತಿದ್ದೀರಿ ಎಂದು ಕೂಗಾಡುತ್ತ ನುಗ್ಗಿದ. ನಮ್ಮತ್ತೆ ಕಾಫಿ ಕೊಟ್ಟು ಅವನನ್ನೂ ಡಾಕ್ಟರ ಮುಂದೆ ಕೂರಿಸಿದಳು. ಮಗುವಿಗೂ ಮಗುವಿಗೂ ನಡುವೆ ಅಂತರ ಯಾಕೆ ಬೇಕೆಂದು ಅವರು ಬಿಡಿಸಿ ಹೇಳುತ್ತಿದ್ದರೆ ಅವನ ಕಿವಿಯೆಲ್ಲ ಕೆಂಪು. ಮುಂದಿನ ಶುಕ್ರವಾರ ತಮ್ಮನನ್ನೂ ಕರೆದುಕೊಂಡು ಬಂದ!

ಅವಳಿಗೆ ಮಣಿಯದ ಮನೆ ಒಂದೇ. ಅವಳ ತವರು, ಅಂದರೆ ನಮ್ಮ ಮನೆ. ಅವಳ ತಾಯಿಗೆ, ಅಂದರೆ ನನ್ನ ಅಜ್ಜಿಗೆ, ಭರಣಿಯ ಗುಟ್ಟು ಪೂರಾ ಗೊತ್ತಿತ್ತು. ಆಗ ನನ್ನ ಅಮ್ಮ ಬಸುರಿ, ಹಾಸಿಗೆ ಹಿಡಿದಿದ್ದಳು. ಕಾಲು, ಮುಖ ಎಲ್ಲ ಊದಿಕೊಂಡಿತ್ತು, ಕಣ್ಣು ಮಂಜಾಗುತ್ತಿತ್ತು. ಎಲ್ಲ ಕೆಟ್ಟ ದೃಷ್ಟಿ ತಾಗಿದ್ದು, ಹೊಸ್ತಿಲು ದಾಟಕೂಡದು ಎಂದು ಅಜ್ಜಿಯ ಕಟ್ಟಪ್ಪಣೆ. ನಮ್ಮತ್ತೆ ಬಂದವಳೇ ಭರಣಿಯನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೇ ಕೂತಳು.

"ಶುಕ್ರವಾರ ಹೊಸ್ತಿಲ ಮ್ಯಾಲೆ ಕೂತ್ಕತೀಯಲ್ಲೇ, ಲಕ್ಷ್ಮಿ ಬರೋ ಜಾಗ ಅದು" ಎಂದಳು ಅಜ್ಜಿ.

"ಸೊಸೇನ ಕಳ್ಸವ್ವ, ಎದ್ಬುಡ್ತೀನಿ. ಅವಳು ಏಳೋವರ್ಗೂ ನಾನೂ ಏಳಾಕಿಲ್ಲ."

ಅಕ್ಕಪಕ್ಕದವರು ಇಣುಕತೊಡಗಿದರು. ಕುಂಕುಮ ತಂದವಳನ್ನು ಬಾಗಿಲಲ್ಲಿ ಕಾಯಿಸಿದ ಮನೆ ಎಂಬ ಹೆಸರು ಯಾರಿಗೆ ಬೇಕು? ಅಜ್ಜಿ ಹಲ್ಲು ಕಚ್ಚಿಕೊಂಡು ತಾನೂ ಕಾವಲಿಗೆ ಹೊರಟಳು. ಅಮ್ಮನ ರಕ್ತದೊತ್ತಡ ನೋಡಿದ ಡಾಕ್ಟರು ಜಟಕಾ ಹತ್ತಿಸಿ ನೇರ ಆಸ್ಪತ್ರೆಗೆ ಕರೆದೊಯ್ದರು. ಅಮ್ಮನೂ ಉಳಿದಳು, ಹೊಟ್ಟೆಯಲ್ಲಿದ್ದ ನನ್ನ ತಮ್ಮನೂ ಉಳಿದ. ಸೋತ ಸಿಟ್ಟಿಗೆ ಅಜ್ಜಿ ಮಾತ್ರ ಮಗಳೊಂದಿಗೆ ಮಾತು ಬಿಟ್ಟಳು.

ಆಮೇಲೆ ಮಾವ ಇದ್ದಕ್ಕಿದ್ದಂತೆ ತೀರಿಕೊಂಡರು. ಗಂಡ ಸತ್ತವಳು ಕುಂಕುಮಕ್ಕೆ ಕರೆಯುವುದು ಎಲ್ಲಾದರೂ ಉಂಟೆ, ಇನ್ನು ಆ ಕೋಣೆಗೆ ಬೀಗ ಹಾಕಿ ಎಂದರು ಊರ ಹಿರಿಯರು. ಯಾರ ಮಾತೂ ಕೇಳಿಸದ ನಮ್ಮತ್ತೆಗೆ ಆ ಮಾತೊಂದು ಕೇಳಿಸಿಬಿಟ್ಟಿತು. ಗೋಡೆಯ ಕಡೆ ಮುಖ ಮಾಡಿ ಕೂತುಬಿಟ್ಟಳು. ಶುಕ್ರವಾರ ಡಾಕ್ಟರು ಬಂದು ಮೂಟೆಗಳ ನಡುವೆ ಒಬ್ಬರೇ ಕಾದು ಹಿಂದಿರುಗಿದರು.

ಮರು ಶುಕ್ರವಾರ, ಮಾತು ಬಿಟ್ಟಿದ್ದ ಅಜ್ಜಿಯೇ ಬಂದಳು. ನಮ್ಮ ತಾತ ಇನ್ನೂ ಇದ್ದರು, ಹಾಗಾಗಿ ಅಜ್ಜಿ ಮುತ್ತೈದೆ. ಯಾರನ್ನೂ ಕೇಳದೆ ಗೂಡಿನಲ್ಲಿದ್ದ ಭರಣಿ ತೆಗೆದುಕೊಂಡು ಉರಿಬಿಸಿಲಲ್ಲಿ ಬಾಗಿಲು ಬಾಗಿಲಿಗೂ ಹೋಗಿ, ನನ್ನ ಮಗಳ ಮನೆಯಲ್ಲಿ ಅರಿಶಿನ ಕುಂಕುಮ, ಸೊಸೆಯರನ್ನು ಕಳಿಸಿ ಎಂದಳು. ಹಿರಿಯರೊಬ್ಬರು ಏನೋ ಅನ್ನಲು ಬಂದವರು ಅವಳ ಮುಖ ನೋಡಿ ದಾರಿ ಬಿಟ್ಟರು.

ವಾಪಸು ಬಂದವಳು ಮಗಳ ಕೋಣೆಯ ಹೊಸ್ತಿಲ ಮೇಲೆ ಕೂತಳು.

"ಎಲ್ರುನೂ ಕರ್ದಾಯ್ತು. ನೀನೊಬ್ಳೇ ಉಳ್ದಿರಾದು. ನೀ ಏಳೋವರ್ಗೂ ನಾನೂ ಏಳಾಕಿಲ್ಲ ಕಣವ್ವ" ಎಂದು ಭರಣಿಯ ಮುಚ್ಚಳ ತೆಗೆದಳು.

ಮಂಡಿಯಲ್ಲಿ ಹೆಂಗಸರ ಮಾತು ಕೇಳತೊಡಗಿತ್ತು. ನಮ್ಮತ್ತೆ ನಿಧಾನವಾಗಿ ಈ ಕಡೆ ತಿರುಗಿ, ತಾಯಿಯ ಬೆರಳಿಗೆ ಹಣೆ ಒಡ್ಡಿದಳು.