ಭಟ್ಟಿಯ ಮುಂದಿನ ಸಾಕ್ಷಿ

ಕೋರ್ಟಿನಲ್ಲಿ ಕೆಲಸ ಮಾಡುವವನು ಮನೆಯಲ್ಲೂ ಸತ್ಯವನ್ನೇ ಹೇಳುತ್ತಾನೆಂದು ಜನ ನಂಬುತ್ತಾರೆ. ಮಿಠಾಯಿ ಅಂಗಡಿಯವನು ಮನೆಯಲ್ಲೂ ಮಿಠಾಯಿಯನ್ನೇ ಉಣ್ಣುತ್ತಾನೆಂದು ಯಾರೂ ತಿಳಿಯುವುದಿಲ್ಲ. ನಮ್ಮ ಬಗ್ಗೆ ಮಾತ್ರ ಈ ಭ್ರಮೆ ಯಾಕೋ ಕಾಣೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹುನಗುಂದದ ಕೋರ್ಟಿನಲ್ಲಿ ಬೆಂಚ್ ಕ್ಲಾರ್ಕ್ ಆಗಿದ್ದೆ. ಕಟಕಟೆ ಹತ್ತಿದವರಿಗೆಲ್ಲ ‘ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ’ ಎಂದು ಹೇಳಿಕೊಡುವುದು ನನ್ನ ಕೆಲಸ. ದಿನವೂ ಹೇಳಿಕೊಡುತ್ತಿದ್ದೆನೇ ಹೊರತು ಸ್ವತಃ ಒಂದು ಸಲವೂ ಪ್ರಮಾಣ ಮಾಡಿದವನಲ್ಲ. ಅದರ ಲಾಭವನ್ನು ಒಮ್ಮೆ ಪಡೆದೆ, ಅದೂ ಒಂದು ಡಬ್ಬಿ ಶೇಂಗಾ ಬಿಸ್ಕೀಟಿನ ವಿಷಯದಲ್ಲಿ.

ಆ ವರ್ಷ ಅವ್ವನ ಕೊನೆಯ ಎರಡು ಹಲ್ಲೂ ಹೋದವು. ಹಲ್ಲು ಹೋದದ್ದಕ್ಕೆ ಅವಳಿಗೆ ಬೇಸರವಿರಲಿಲ್ಲ, ಶೇಂಗಾ ಹೋಯಿತಲ್ಲ ಎಂಬ ಬೇಸರ. ಹುರಿದ ಶೇಂಗಾ, ಶೇಂಗಾ ಉಂಡಿ, ಎರಡೂ ಅವಳಿಗೆ ಜೀವ. ಪುಡಿ ಮಾಡಿ ಕೊಟ್ಟರೆ ಗಂಟಲಿಗೆ ಹತ್ತಿ ಕೆಮ್ಮು ಬರುತ್ತಿತ್ತು. ಹಾಲು, ನುಚ್ಚಿನ ಮೇಲೆ ದಿನ ದೂಡುತ್ತ ಮೈ ಇಳಿದುಹೋಗಿತ್ತು. ಅವಳೆದುರು ಕೂತು ಕಟಕಟ ರೊಟ್ಟಿ ಮುರಿಯಲು ನನಗೆ ಸಂಕಟವಾಗುತ್ತಿತ್ತು. ಮುರಿಯುವುದನ್ನು ಬಿಟ್ಟೆನೇ ಎಂದರೆ, ಇಲ್ಲ, ಅಡಿಗೆ ಮನೆಗೆ ಹೋಗಿ ಮುರಿಯುತ್ತಿದ್ದೆ.

ದಾರಿ ತೋರಿಸಿದವಳು ನನ್ನ ಹೆಂಡತಿ ಶಾಂತಾ. ಆಗೆಲ್ಲ ನಮ್ಮ ಕಡೆ ಬಿಸ್ಕೀಟು ಕೊಳ್ಳುವುದಕ್ಕಿಂತ ಮಾಡಿಸಿಕೊಂಡು ಬರುವುದೇ ಹೆಚ್ಚು. ಮನೆಯಿಂದ ಮೈದಾ, ಸಕ್ಕರೆ, ತುಪ್ಪ ಒಯ್ದು ಬೇಕರಿಯವನಿಗೆ ಕೊಟ್ಟರೆ ಅವನು ನಾದಿ, ತಾಟಿನಲ್ಲಿ ಇಟ್ಟು, ಭಟ್ಟಿಯಲ್ಲಿ ಬೇಯಿಸಿ ನಮ್ಮ ಡಬ್ಬಿ ತುಂಬಿ ಕೊಡುತ್ತಿದ್ದ. ಅದರಲ್ಲೇ ಶೇಂಗಾ ಹುರಿದು ಪುಡಿ ಮಾಡಿ ಸೇರಿಸಿದರೆ, ಹಾಲಿಗೆ ಅದ್ದಿದ ಕೂಡಲೇ ಕರಗಿಹೋಗುತ್ತದೆ ಎಂದು ಶಾಂತಾ ಲೆಕ್ಕ ಹಾಕಿದ್ದಳು. ಅವ್ವನ ಕಣ್ಣು ಅರಳಿತು, ಮರುಕ್ಷಣ ಸಣ್ಣದಾಯಿತು.

“ಬೇಕರ್‍ಯಾಗ ತತ್ತಿ ಹಾಕ್ತಾರಂತ” ಎಂದಳು.

“ನಮ್ಮದಕ್ಕ ಹಾಕೂದಿಲ್ಲ ಅತ್ತಿ, ಹೇಳಿ ಮಾಡಸ್ತೇವಿ” ಎಂದಳು ಶಾಂತಾ.

“ಇಂವಾ ಭಟ್ಟಿ ಮುಂದ ಕುಂತು ಕಣ್ಣಾರೆ ನೋಡ್ಕೊಂಡು ಬಂದ್ರ ತಿಂತೇನಿ. ಇಲ್ಲಂದ್ರ ಬ್ಯಾಡ.”

ಇಷ್ಟಲಿಂಗ ಪೂಜೆಯಾಗದೆ ನೀರು ಮುಟ್ಟದವಳು ಅವ್ವ. ಆದರೆ ತತ್ತಿಯ ಹೆದರಿಕೆ ಅವಳಿಗಿಂತ ನನಗೇ ಹೆಚ್ಚೆಂದು ಒಪ್ಪಿಕೊಳ್ಳಬೇಕು. ಬಾಗಲಕೋಟೆಯಲ್ಲಿ ಕಾಲೇಜಿಗಿದ್ದಾಗ ಗೆಳೆಯನೊಬ್ಬ ಕೇಕು ತಿನ್ನಿಸಿ, ಆಮೇಲೆ ಅದರಲ್ಲಿ ಮೊಟ್ಟೆ ಇತ್ತೆಂದು ಹೇಳಿದ. ಮೂರು ದಿನ ವಾಂತಿ ಮಾಡಿಕೊಂಡೆ. ಅವ್ವ ಬಂದು ನನ್ನನ್ನು ಊರಿಗೆ ಕರೆದುಕೊಂಡು ಹೋಗಬೇಕಾಯಿತು.

ರವಿವಾರ ಚೀಲ ಹೊತ್ತು ಬಸ್ಸಿನಲ್ಲಿ ಇಳಕಲ್ಲಿಗೆ ಹೋದೆ. ಬೇಕರಿಯ ಇಮಾಮಸಾಬರು ವಯಸ್ಸಾದವರು, ಮಾತು ಕಡಿಮೆ. ವಿಷಯ ಹೇಳಿದೆ. “ತತ್ತಿ ಹಾಕೂದರ ಭಾಂಡಿ ಬ್ಯಾರೆ, ತಾಟು ಬ್ಯಾರೆ ಅದಾವ್ರಿ ಸಾಹೇಬ್ರ” ಎಂದು ಎರಡನ್ನೂ ತೋರಿಸಿ, ಕೈ ತೊಳೆದುಕೊಂಡು ನಾದಲು ಕೂತರು. ನಾನು ಭಟ್ಟಿಯ ಮುಂದಿನ ಬೆಂಚಿನ ಮೇಲೆ, ನಮ್ಮ ಕಡೆಯ ಮಾತಿನಲ್ಲಿ ಬಾಕಿನ ಮೇಲೆ, ಕೂತೆ. ಏಪ್ರಿಲ್ ತಿಂಗಳು, ಮೇಲೆ ಇಳಕಲ್ಲಿನ ಬಿಸಿಲು, ಎದುರಿಗೆ ಭಟ್ಟಿ. ಅಷ್ಟರಲ್ಲಿ ಪರಿಚಯದ ವಕೀಲರೊಬ್ಬರು ಹಾದು ಹೋಗುತ್ತ “ಇಲ್ಲೇನ್ ಮಾಡಾಕತ್ತೀರಿ, ಬರ್‍ರಿ ಚಹಾ ಕುಡಿಯೂಣು” ಎಂದರು. ಚಹಾದ ಜೊತೆ ಮಿರ್ಚಿ ಭಜಿ ಬಂತು, ಭಜಿಯ ಜೊತೆ ಅವರ ಮೂರು ಕೇಸುಗಳ ಕತೆ ಬಂತು. ನಾನು ವಾಪಸಾದಾಗ ಬಿಸ್ಕೀಟು ಬೆಂದು ಡಬ್ಬಿ ಸೇರಿದ್ದವು.

ಇಮಾಮಸಾಬರ ಮಾತಿನ ಮೇಲೆ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಆದರೆ ಅದು ಅವರ ಮಾತು, ನನ್ನ ಕಣ್ಣಲ್ಲ. ಬಸ್ಸಿನಲ್ಲಿ ಈ ಚಿಂತೆ ಕೊರೆಯತೊಡಗಿತು. ಡಬ್ಬಿ ತೊಡೆಯ ಮೇಲೆ ಬೆಚ್ಚಗಿತ್ತು, ಹುರಿದ ಶೇಂಗಾ ಮತ್ತು ತುಪ್ಪದ ವಾಸನೆ ಮೂಗಿಗೇ ಬರುತ್ತಿತ್ತು. ಚಿಂತೆ ಕಳೆಯಲು ಒಂದು ತಿಂದೆ. ಬಾಯಲ್ಲಿಟ್ಟರೆ ನಾಲಿಗೆ ಅಲ್ಲಾಡಿಸುವ ಮೊದಲೇ ಕರಗಿತು. ಊರು ಬರುವ ಹೊತ್ತಿಗೆ ಚಿಂತೆ ಪೂರ್ತಿ ಕಳೆದಿತ್ತು, ಡಬ್ಬಿಯ ಮೇಲಿನ ಸಾಲೂ ಕಳೆದಿತ್ತು.

ಮನೆಯಲ್ಲಿ ಪಾಟೀಸವಾಲು ಶುರುವಾಯಿತು.

“ತಾಟು ಒಳಗ ಇಟ್ಟಾಗ ಎಲ್ಲಿದ್ದಿ?”

“ಅಲ್ಲೇ ಇದ್ದೆ ಬೇ.”

“ಹೊರಗ ತೆಗದಾಗ?”

“ಅಲ್ಲೇ.”

“ಎದ್ದು ಎಲ್ಲೂ ಹೋಗಿಲ್ಲಲಾ?”

“ಕಣ್ಣಾರೆ ನೋಡೇನಿ ಬೇ. ಎಷ್ಟ್ ಸಲ ಹೇಳ್ಲಿ.”

ಅವ್ವ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಒಂದು ಬಿಸ್ಕೀಟು ಎತ್ತಿ ಹಾಲಿಗೆ ಅದ್ದಿ ಬಾಯಲ್ಲಿಟ್ಟು ಕಣ್ಣು ಮುಚ್ಚಿದಳು. ಆಮೇಲೆ “ಶೇಂಗಾ ಛಲೋ ಹುರದೀಯವ್ವಾ” ಎಂದು ಶಾಂತಾಳಿಗೆ ಹೇಳಿ ಇನ್ನೊಂದಕ್ಕೆ ಕೈ ಹಾಕಿದಳು. ಡಬ್ಬಿ ಮುಗಿಯುವ ಹೊತ್ತಿಗೆ ಅವಳ ಮುಖ ತುಂಬಿಕೊಂಡಿತ್ತು, ಸೊಸೆಯನ್ನು ಬಯ್ಯುವ ಶಕ್ತಿಯೂ ಮರಳಿತ್ತು.

ಎಲ್ಲ ಅಲ್ಲಿಗೇ ಮುಗಿಯಬೇಕಿತ್ತು. ಮರುತಿಂಗಳು ರಾಮಥಾಳದ ಕಡೆಯ ಮುದುಕಿಯೊಬ್ಬಳು ಸಾಕ್ಷಿಗೆ ಬಂದಳು, ಅವ್ವನದೇ ವಯಸ್ಸು. ನಾನೇ ಪ್ರಮಾಣ ಹೇಳಿಕೊಟ್ಟೆ. ವಕೀಲರು “ನೀವು ಕಣ್ಣಾರೆ ನೋಡಿದ್ದನ್ನ ಹೇಳ್ರಿ” ಎಂದರು. “ನಾ ಎಲ್ಲಿ ನೋಡೇನ್ರಿ, ಮಂದಿ ಅಂದಿದ್ದು ಕೇಳೇನಿ” ಎಂದಳು. ಅವಳನ್ನು ಕರೆಸಿದ ವಕೀಲರೇ ಹಣೆಗೆ ಕೈ ಹಚ್ಚಿಕೊಂಡರು. ಕೋರ್ಟೆಲ್ಲ ನಕ್ಕಿತು. ನನಗೊಬ್ಬನಿಗೆ ನಗು ಬರಲಿಲ್ಲ, ಭಜಿಯ ನೆನಪು ಬಂತು.

ಆ ರವಿವಾರ ಪ್ರಾಯಶ್ಚಿತ್ತಕ್ಕೆಂದೇ ಇಳಕಲ್ಲಿಗೆ ಹೋದೆ. ಎರಡು ತಾಸು ಬಾಕು ಬಿಟ್ಟು ಏಳಲಿಲ್ಲ. ಅಂಗಿ ಹಿಂಡಿದರೆ ನೀರು ಬರುವಂತಾಯಿತು. ಇಮಾಮಸಾಬರಿಗೇ ಮರುಕ ಬಂದು “ಸಾಹೇಬ್ರ, ಒಂಚೂರು ಹೊರಗ ಗಾಳಿಗೆ ಹೋಗಿ ಬರ್‍ರಿ” ಎಂದರು. ಹೋಗಲಿಲ್ಲ. ಬಸ್ಸಿನಲ್ಲೂ ಡಬ್ಬಿಯ ಮುಚ್ಚಳ ಮುಟ್ಟಲಿಲ್ಲ. ತುಪ್ಪದ ವಾಸನೆ ಬಂದಾಗಲೆಲ್ಲ ಕಿಟಕಿಯ ಹೊರಗೆ ಮುಖ ಹಾಕಿದೆ. ಮನೆಗೆ ಬಂದು, ಅವ್ವ ಕೇಳುವ ಮೊದಲೇ “ಕಣ್ಣಾರೆ ನೋಡೇನಿ ಬೇ” ಎಂದು ಎದೆ ಉಬ್ಬಿಸಿ ಹೇಳಿದೆ.

ಅವ್ವ ಮುಚ್ಚಳ ತೆಗೆದು ಡಬ್ಬಿ ನೋಡಿದಳು, ನನ್ನ ಮುಖ ನೋಡಿದಳು. ಹಾಲಿನ ಬಟ್ಟಲನ್ನು ಅತ್ತ ಸರಿಸಿ “ನನಗ ಬ್ಯಾಡ” ಎಂದಳು.

“ಯಾಕ್ ಬೇ?”

“ಡಬ್ಬಿ ತುಂಬೇತಿ. ನೀ ಒಂದೂ ತಿಂದಿಲ್ಲ. ಏನೋ ಆಗಿರಬೇಕು.”

ನನಗೆ ಅಳು ಬರುವುದೊಂದು ಬಾಕಿ. ಬೆವರಿದ್ದು, ಬಾಕು, ಹೋದ ತಿಂಗಳ ಸುಳ್ಳು, ಎಲ್ಲವನ್ನೂ ಕಕ್ಕಿಬಿಟ್ಟೆ. ಅವ್ವನಿಗೆ ಆಶ್ಚರ್ಯವೇನೂ ಆಗಲಿಲ್ಲ.

“ಆವತ್ತು ನಿನ್ನ ಅಂಗಿ ಮ್ಯಾಲ ಭಜಿ ಎಣ್ಣಿ ಬಿದ್ದಿತ್ತು. ಸುಳ್ಳು ಹೇಳಾಕತ್ತಾನಂತ ಆವಾಗ ತಿಳೀತು.”

“ಮತ್ತ ಹೆಂಗ ತಿಂದಿ?”

“ನಿನ್ನ ಮೀಸಿ ತುಂಬ ಬಿಸ್ಕೀಟಿನ ಪುಡಿ ಇತ್ತಲಾ. ತತ್ತಿ ಇದ್ದೀತು ಅಂತ ಒಂಚೂರು ಸಂಶೇ ಇದ್ರೂ ನೀ ಮುಟ್ಟಾಂವಲ್ಲ. ಹೆದರುಪುಕ್ಕ.”

ಶಾಂತಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಅವ್ವ ಡಬ್ಬಿಯಿಂದ ಒಂದು ಬಿಸ್ಕೀಟು ತೆಗೆದು ನನ್ನ ಮುಂದೆ ಹಿಡಿದಳು.

“ಮೊದಲು ನೀ ತಿನ್ನು.”

ತಿಂದೆ. ಗಂಟಲಲ್ಲಿ ಇಳಿಯುವವರೆಗೂ ನೋಡುತ್ತಿದ್ದಳು. ಆಮೇಲೆ ಹಾಲಿನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು ತನ್ನದನ್ನು ಅದ್ದಿದಳು. ಅವಳು ಇರುವವರೆಗೂ ನಮ್ಮ ಮನೆಯಲ್ಲಿ ಇದೇ ಪದ್ಧತಿ ನಡೆಯಿತು. ನಾನು ಕೋರ್ಟಿನಿಂದ ನಿವೃತ್ತನಾಗುವವರೆಗೆ ಊರ ಮಂದಿಗೆಲ್ಲ ಪ್ರಮಾಣ ಬೋಧಿಸಿದೆ. ಮನೆಯಲ್ಲಿ ಮಾತ್ರ ಪ್ರತಿ ಡಬ್ಬಿಗೂ ಬಾಯಿ ಮುಚ್ಚಿಕೊಂಡು ಕೂತು, ಮೀಸೆ ತೋರಿಸುತ್ತಿದ್ದೆ.