ಇಲ್ಲದ ಎಮ್ಮೆಗಳ ಸಾಲ

ಪತ್ರ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಮಾನ್ವಿ ತಾಲ್ಲೂಕಿನಲ್ಲಿ ಇಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು ನಾನು. ಸಂಧಿ, ಸಮಾಸ, ಅಲಂಕಾರಗಳೆಲ್ಲ ಕರೆದರೆ ಓಡಿಬರುತ್ತವೆ. ಹಾಗಾಗಿ ಸಾಲ ವಸೂಲಿಯ ನೋಟಿಸು ಮನೆಗೆ ಬಂದ ದಿನ ನಾನು ಹೆದರಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಖುಷಿಯೇ ಆಯಿತು. ಯಾರಿಗಾದರೂ ಒಂದು ಗಟ್ಟಿ ಪತ್ರ ಬರೆದು ಎಷ್ಟೋ ದಿನವಾಗಿತ್ತು!

ನೋಟಿಸು ರಾಯಚೂರಿನ ಒಂದು ಫೈನಾನ್ಸ್ ಕಂಪನಿಯದು. ‘ಲಕ್ಷ್ಮೀ ಗಂಡ ಹನುಮಂತ’ ಆದ ನಾನು ಎರಡು ಎಮ್ಮೆ ಕೊಳ್ಳಲು ಸಾಲ ಪಡೆದು, ಒಂದು ಕಂತನ್ನೂ ಕಟ್ಟದೆ ಕೂತಿರುವುದಾಗಿಯೂ, ಕೂಡಲೇ ಬಾಕಿ ತೀರಿಸದಿದ್ದರೆ ಸದರಿ ಎಮ್ಮೆಗಳನ್ನು ಜಪ್ತಿ ಮಾಡಲಾಗುವುದೆಂದೂ ಅದರಲ್ಲಿತ್ತು.

ನನ್ನ ಹೆಸರು ಲಕ್ಷ್ಮೀ, ಹೌದು. ಗಂಡನ ಹೆಸರು ಹನುಮಂತರಾವ್, ಅದೂ ಹೌದು. ಹಿಂದೊಮ್ಮೆ ಅದೇ ಕಂಪನಿಯಿಂದ ಕಂತಿನ ಮೇಲೆ ಫ್ರಿಜ್ ತಂದದ್ದೂ ಹೌದು. ಅದರ ಕಂತು ಮುಗಿದು, ಆಮೇಲೆ ಫ್ರಿಜ್ಜೂ ಮುಗಿದು ವರ್ಷಗಳಾಗಿವೆ. ಆದರೆ ಎಮ್ಮೆ? ನಮ್ಮ ಅಂಗಳದಲ್ಲಿ ತುಳಸಿಕಟ್ಟೆ ಬಿಟ್ಟರೆ ಎರಡು ಜೊತೆ ಚಪ್ಪಲಿಗೆ ಜಾಗ. ಮೂರನೆಯ ಜೊತೆ ಬಂದರೆ ಅತಿಥಿಗಳು ಬಂದಿದ್ದಾರೆಂದು ಅರ್ಥ!

ನಮ್ಮ ಯಜಮಾನರು ಗುಡಿಯಲ್ಲಿ ಅರ್ಚಕರು. ದೇವರ ಮುಂದೆ ಗಂಟೆಗಟ್ಟಲೆ ಮಂತ್ರ ಹೇಳುವ ಇವರು ಮನೆಗೆ ಬಂದರೆ ಮಾತಿನ ಉಪವಾಸ. ನೋಟಿಸನ್ನು ಓದಿ ಮಡಚಿಟ್ಟು ಅಂದರು: “ಒಂದ ಸಾಲು ಬರದು ಹಾಕು. ಈ ಸಾಲ ನಂದಲ್ಲ, ನಂದು ಅನ್ನೋದಾದ್ರ ದಾಖಲಿ ತೋರಸ್ರಿ. ಅಷ್ಟ.”

“ಅಷ್ಟ ಅಂದ್ರ? ಒಂದ ಸಾಲಿನ ಪತ್ರಾ ಬರದ್ರ ಕನ್ನಡ ಟೀಚರ್ ಅಂತ ಯಾರು ನಂಬ್ತಾರ್ರೀ?”

“ಅವ್ರು ನಿನಗ ನೌಕರಿ ಕೊಡಾಕತ್ತಿಲ್ಲ, ಲಕ್ಷ್ಮೀ. ಎಮ್ಮಿ ಕೇಳಾಕತ್ತಾರ.”

ಇವರಿಗೆ ಸಾಹಿತ್ಯದ ಗಂಧವಿಲ್ಲ ಎಂದು ಮರುಗಿ, ನಾನು ನಾಲ್ಕು ಪುಟ ಬರೆದೆ. ಮೊದಲ ಪುಟದಲ್ಲಿ ಗೋಸಂಪತ್ತಿನ ಮಹತ್ವ. ಎರಡನೆಯದರಲ್ಲಿ ನಮ್ಮ ವಂಶದವರು ಯಾರಿಗೂ ಬಾಕಿ ಉಳಿಸಿಕೊಳ್ಳದ ಇತಿಹಾಸ. ಮೂರನೆಯ ಪುಟದಲ್ಲಿ ಇಡೀ ಪತ್ರಕ್ಕೇ ಕಳಶವಿಟ್ಟಂಥ ಒಂದು ವಾಕ್ಯ. ಅದನ್ನು ಬರೆದು ನಾನೇ ಎದ್ದು ನಿಂತು ಓದಿದೆ: ‘ಸದರಿ ಸಾಲವು ನನ್ನದಲ್ಲವೆಂಬುದನ್ನು ನಾನು ಒಪ್ಪುವುದಿಲ್ಲವೆಂಬುದನ್ನು ತಾವು ಅಲ್ಲಗಳೆಯಲಾರಿರೆಂದು ದೃಢವಾಗಿ ನಂಬಿರುತ್ತೇನೆ!’

ಯಜಮಾನರು ಏನೂ ಅನ್ನಲಿಲ್ಲ. ಮೆಚ್ಚಿ ಮೂಕರಾಗಿದ್ದಾರೆಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ನಿದ್ದೆ ಹತ್ತಿತ್ತು.

ಪತ್ರವನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಕಂಪನಿಯವರು ಓದಿ ನಡುಗುತ್ತಿರಬಹುದೆಂದು ಕನಿಕರವೂ ಆಯಿತು. ಕೆಲವೇ ದಿನಗಳಲ್ಲಿ ಉತ್ತರ ಬಂತು. ‘ತಾವು ಪತ್ರದ ಮೂರನೆಯ ಪುಟದಲ್ಲಿ ಸಾಲವನ್ನು ಒಪ್ಪಿಕೊಂಡಿರುವುದಕ್ಕೆ ಧನ್ಯವಾದಗಳು. ಹಣ ಕಟ್ಟಲು ಯಾವ ದಿನ ಬರುತ್ತೀರಿ?’

ನನ್ನ ಮೈ ಉರಿದುಹೋಯಿತು. “ಇವ್ರಿಗೆ ಕನ್ನಡ ಓದಾಕ ಬರೂದಿಲ್ರೀ!” ಎಂದೆ.

“ಓದಾಕ ಬರ್ತದ ಅಂತ ಕಾಣಸ್ತದ. ಅದ ತ್ರಾಸು,” ಎಂದರು ಇವರು.

ಮರುದಿನ ಶಾಲೆಯಿಂದ ಬಂದು ಚಹಾಕ್ಕೆ ಇಡುತ್ತಿದ್ದೆ. ಫೋನು ಬಂತು. ವಸೂಲಿಯವನು. ದನಿ ಬಹಳ ಮರ್ಯಾದಸ್ಥರದು. “ಮೇಡಂ, ನಮಸ್ಕಾರ್ರಿ. ಆ ಎಮ್ಮಿ ವಿಷಯ ಮಾತಾಡೋದಿತ್ತು. ಸದ್ಯ ಎಮ್ಮಿ ಎಲ್ಲಿ ಅದಾವ್ರಿ?”

ಇಂಥವರಿಗೆ ನೇರ ಉತ್ತರ ಕೊಡಬಾರದು, ವ್ಯಂಗ್ಯದ ಏಟು ಕೊಡಬೇಕು ಎಂದು ನನ್ನೊಳಗಿನ ಸಾಹಿತಿ ಹೇಳಿದಳು. “ಎಲ್ಲಿರ್ತಾವ? ನಮ್ಮ ಮನಿ ಹಿಂದ ಕಟ್ಟೀನಿ! ದಿನಾ ಹಾಲು ಹಿಂಡಾಕತ್ತೀನಿ, ಬೆಣ್ಣಿ ತಗ್ಯಾಕತ್ತೀನಿ! ಬೇಕಾದ್ರ ಬಂದು ಹೊಡ್ಕೊಂಡು ಹೋಗ್ರಿ!”

“ಹಂಗಾದ್ರ ಚಲೋ ಆತು ಬಿಡ್ರಿ ಮೇಡಂ,” ಎಂದು ಅವನು ಫೋನಿಟ್ಟ.

ಏಟು ಸರಿಯಾಗಿ ಬಿತ್ತು ಎಂದುಕೊಂಡು ಚಹಾ ಸೋಸಿದೆ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಮನೆಯ ಹಿಂದೆ ಎಮ್ಮೆಗಳು ನಿಜವಾಗಿಯೂ ಇವೆ. ಎರಡೇ ಇವೆ. ಅವು ನಮ್ಮ ಹಿತ್ತಲ ಗೋಡೆಯಾಚೆ ಇರುವ ಈರಮ್ಮನವು. ನಾವು ಹಾಲು ಹಾಕಿಸಿಕೊಳ್ಳುವುದೇ ಅವಳ ಹತ್ತಿರ. ಆ ಎರಡು ಎಮ್ಮೆಗಳ ಮೇಲೆ ಅವಳ ಇಡೀ ಮನೆ ನಡೆಯುತ್ತದೆ. ಫೋನಿನಲ್ಲಿ ಅಲಂಕಾರ ಪ್ರಯೋಗ ಮಾಡುವಾಗ ಇದು ನನಗೆ ನೆನಪಾಗಲಿಲ್ಲ.

ರವಿವಾರ ಬೆಳಿಗ್ಗೆ ಹಿತ್ತಲ ಗೋಡೆಯಾಚೆ ಗದ್ದಲ ಕೇಳಿ ಓಡಿದೆ. ಒಂದು ಟೆಂಪೋ ನಿಂತಿತ್ತು. ಇಬ್ಬರು ಗಂಡಸರು ಈರಮ್ಮನ ಒಂದು ಎಮ್ಮೆಯನ್ನು ಹತ್ತಿಸಲು ಹಗ್ಗ ಜಗ್ಗುತ್ತಿದ್ದರು. ಈರಮ್ಮ ಅದರ ಕೊರಳಿಗೆ ಜೋತುಬಿದ್ದಿದ್ದಳು.

“ನನ್ನ ತವರುಮನಿ ಕುರ್ಡಿಯಿಂದ ಬಂದ ಎಮ್ಮಿ ಇವು! ಕೈ ಹಚ್ಚಿದ್ರ ನೋಡ್ರಿ ಮತ್ತ!”

“ನಮಗ ಗೊತ್ತಿಲ್ಲಬೇ. ಟೀಚರ್ ಮೇಡಂ ಅವ್ರ ಫೋನ್‌ನಾಗ ಹೇಳ್ಯಾರ, ಮನಿ ಹಿಂದ ಕಟ್ಟೀನಿ, ಹೊಡ್ಕೊಂಡು ಹೋಗ್ರಿ ಅಂತ. ರೆಕಾರ್ಡ್ ಐತಿ, ಕೇಳ್ತಿಯೇನು?”

ಕೇಳಿಸಿಯೇ ಬಿಟ್ಟ. ನನ್ನ ದನಿ ಓಣಿಯ ತುಂಬ ಮೊಳಗಿತು. ‘ಬೆಣ್ಣಿ ತಗ್ಯಾಕತ್ತೀನಿ!’ ಶಾಲೆಯ ವಾರ್ಷಿಕೋತ್ಸವದಲ್ಲಿ ಕೂಡ ನನ್ನ ದನಿ ಅಷ್ಟು ಸ್ಪಷ್ಟವಾಗಿ ಕೇಳಿಸಿದ್ದಿಲ್ಲ.

ಈರಮ್ಮ ನನ್ನ ಕಡೆ ತಿರುಗಿದಳು. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಕಣ್ಣಲ್ಲಿ ನೀರು ತುಂಬಿ, “ಅಕ್ಕೋರ, ನಾ ಏನ್ ಮಾಡಿದ್ದೆ ನಿಮಗ?” ಎಂದಳು.

ನನಗೆ ಗೊತ್ತಿದ್ದ ಎಲ್ಲ ಕನ್ನಡವೂ ಆ ಕ್ಷಣಕ್ಕೆ ಕೈಕೊಟ್ಟಿತು. ಏನು ಮಾಡಬೇಕೆಂದು ತೋಚದೆ ಹೋಗಿ ಟೆಂಪೋದ ಹಿಂಬಾಗಿಲಿಗೆ ಅಡ್ಡ ಕುಳಿತುಬಿಟ್ಟೆ. ಎಮ್ಮೆ ನನ್ನನ್ನು ಮೂಸಿ ನೋಡಿ, ಒಮ್ಮೆ ಸೀನಿತು. ಪೂರ್ತಿ ಮುಖಕ್ಕೆ! ಓಣಿಯವರೆಲ್ಲ ಸೇರಿದ್ದನ್ನು ಕಂಡು ವಸೂಲಿಯವರೇ ಮೆತ್ತಗಾಗಿ ಹಗ್ಗ ಬಿಟ್ಟರು. “ನಾಳೆ ರಾಯಚೂರು ಆಫೀಸಿಗೆ ಬಂದು ಬಗೆಹರಿಸ್ಕೊಳ್ರಿ. ಇಲ್ಲಂದ್ರ ಮತ್ತ ಬರ್ತೀವಿ. ಏನರ ಸ್ವಲ್ಪ ರೊಕ್ಕ ಕಟ್ಟಿಬಿಡ್ರಿ ಮೇಡಂ, ಸುಮ್ನಾಗ್ತಾರ,” ಎಂದು ಹೇಳಿ ಹೋದರು.

ಈರಮ್ಮ ಎಮ್ಮೆಗಳನ್ನು ಒಳಗೆ ಕಟ್ಟಿ ಬಾಗಿಲು ಹಾಕಿಕೊಂಡಳು. ಅಂದು ಸಂಜೆ ನಮ್ಮ ಮನೆಗೆ ಹಾಲು ಬರಲಿಲ್ಲ.

“ಸ್ವಲ್ಪ ಕಟ್ಟಿ ಕೈ ತೊಳ್ಕೊಂಡುಬಿಡ್ತೀನ್ರಿ,” ಎಂದೆ ನಾನು ಕರಿಚಹಾ ಕುಡಿಯುತ್ತ. ನನ್ನ ಧೈರ್ಯವೆಲ್ಲ ಎಮ್ಮೆಯ ಸೀನಿನಲ್ಲಿ ಹಾರಿಹೋಗಿತ್ತು.

“ಒಂದ ರೂಪಾಯಿ ಕಟ್ಟಿದ್ರೂ ಸಾಲ ನಂದ ಅಂತ ಒಪ್ಪಿಕೊಂಡಂಗ. ಬ್ಯಾಡ. ನಾನೂ ಬರ್ತೀನಿ ನಡಿ,” ಎಂದರು ಯಜಮಾನರು. ಗುಡಿಯ ಪೂಜೆಯನ್ನು ಅಣ್ಣನ ಮಗನಿಗೆ ಒಪ್ಪಿಸಿ, ಮರುದಿನ ನನ್ನ ಜೊತೆ ಬಸ್ಸು ಹತ್ತಿದರು.

ರಾಯಚೂರಿನ ಆಫೀಸಿನಲ್ಲಿ ಮ್ಯಾನೇಜರು ನನ್ನ ನಾಲ್ಕು ಪುಟಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತಿದ್ದರು. ಮೂರನೆಯ ಪುಟದ ವಾಕ್ಯಕ್ಕೆ ಹಳದಿ ಬಣ್ಣ ಬಳಿದಿದ್ದರು.

“ಇದು ನೀವ ಬರದದ್ದೇನ್ರಿ ಮೇಡಂ?”

“ಹೌದು. ಅದ್ರಾಗ ಸಾಲ ನಂದಲ್ಲ ಅಂತ ಸ್ಪಷ್ಟ ಬರದೀನಿ!”

“ಹಂಗಾದ್ರ ನೀವ ಬಿಡಿಸಿ ಹೇಳಿಬಿಡ್ರಿ.”

ಆಫೀಸಿನವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು ತರಗತಿಯಲ್ಲಿ ಮಾಡುವಂತೆ ವಾಕ್ಯವನ್ನು ಬಿಡಿಸತೊಡಗಿದೆ. ‘ನನ್ನದಲ್ಲ’ ಒಂದು ನಿಷೇಧ. ‘ಒಪ್ಪುವುದಿಲ್ಲ’ ಇನ್ನೊಂದು. ಅವೆರಡೂ ಒಂದಕ್ಕೊಂದು ಬಡಿದು ಸತ್ತವು. ‘ಅಲ್ಲಗಳೆ’ ಮೂರನೆಯದು. ‘ಲಾರಿರಿ’ ನಾಲ್ಕನೆಯದು. ಅವೂ ಸತ್ತವು. ಎಲ್ಲ ಸತ್ತ ಮೇಲೆ ಬಯಲಿನಲ್ಲಿ ಒಂದೇ ಒಂದು ಮಾತು ಜೀವಂತ ಉಳಿದಿತ್ತು. ಸಾಲ ನನ್ನದು!

ನಾನು ಮೆಲ್ಲಗೆ ಕುರ್ಚಿಯ ಮೇಲೆ ಕುಳಿತೆ. ವ್ಯಾಕರಣದ ಪ್ರಕಾರ ಎರಡೂ ಎಮ್ಮೆಗಳು ನನ್ನವೇ ಆಗಿದ್ದವು.

ಆಗ ಯಜಮಾನರು ಬಾಯಿಬಿಟ್ಟರು. “ಸಾಹೇಬ್ರ, ಪತ್ರ ಬಿಡ್ರಿ. ಸಾಲದ ಕಾಗದ ತೋರಸ್ರಿ.”

ಫೈಲು ಬಂತು. ಅದರಲ್ಲಿ ಒಂದು ಫೋಟೋ. ಎರಡು ಎಮ್ಮೆ, ನಡುವೆ ಒಬ್ಬ ಹೆಂಗಸು. ಎಲ್ಲ ಮಸುಕು ಮಸುಕು. ಮ್ಯಾನೇಜರು ಫೋಟೋವನ್ನು ನೋಡಿದರು, ನನ್ನನ್ನು ನೋಡಿದರು. “ಸ್ವಲ್ಪ ಹೋಲಿಕಿ ಐತ್ರಿ,” ಎಂದರು. ಮೂವರಲ್ಲಿ ಯಾರ ಹೋಲಿಕೆ ಎಂದು ನಾನು ಕೇಳಲಿಲ್ಲ. ಆ ಹೊತ್ತಿಗೆ ಕೇಳುವ ಧೈರ್ಯವೂ ಇರಲಿಲ್ಲ.

ಫೋಟೋದ ಕೆಳಗೆ ಸಾಲಗಾರರ ಸಹಿಯ ಜಾಗದಲ್ಲಿ ನೀಲಿ ಶಾಯಿಯ ದುಂಡನೆಯ ಹೆಬ್ಬೆಟ್ಟಿನ ಗುರುತಿತ್ತು. ಯಜಮಾನರು ಅದರ ಮೇಲೆ ಬೆರಳಿಟ್ಟು, ನನ್ನ ನಾಲ್ಕು ಪುಟಗಳನ್ನು ಪಕ್ಕಕ್ಕೆ ಸರಿಸಿದರು. “ಇಷ್ಟು ಬರದಾಕಿ, ಸಹಿ ಮಾಡೂ ಹೊತ್ತಿಗೆ ಯಾಕ ಹೆಬ್ಬಟ್ಟು ಒತ್ತತಾಳ್ರಿ? ಸಹಿ ಮಾಡು ಅಂದ್ರ ಈಕಿ ಅದ್ರ ಕೆಳಗ ಎರಡು ಸಾಲು ವಿವರಣಾ ಬ್ಯಾರೆ ಬರೀತಿದ್ಲು.”

ಮ್ಯಾನೇಜರ ಮುಖ ಬದಲಾಯಿತು. ವಿಳಾಸ ನೋಡಿದರೆ ಸಾಲ ಕೊಟ್ಟದ್ದು ದೇವದುರ್ಗದ ಶಾಖೆಯಲ್ಲಿ. ಫೈಲಿನಲ್ಲಿದ್ದ ನಂಬರಿಗೆ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಇಟ್ಟರು.

“ಲಕ್ಷ್ಮೀ ಅದಾರೇನ್ರಿ?”

“ಹಾಂ,” ಎಂದೆ ನಾನು, ಗಾಬರಿಯಲ್ಲಿ.

“ನೀವಲ್ರಿ!” ಎಂದರು ಮ್ಯಾನೇಜರು.

ಆ ಕಡೆಯಿಂದ ದೊಡ್ಡ ದನಿ ಬಂತು. “ನಾನಾ ಲಕ್ಷ್ಮೀ! ಹೇಳ್ರಿ ಯಪ್ಪಾ!”

“ಎಮ್ಮಿ ಸಾಲದ ಕಂತು ಕಟ್ಟಿಲ್ಲಂತಲ್ಲ?”

“ಯಾವ ಬಾಯಾಗ ಅಂತೀರಿ ಇದನ್ನ? ತಿಂಗಳಾ ತಿಂಗಳಾ ಇಲ್ಲೇ ದೇವದುರ್ಗದಾಗ ಕಟ್ಟೀನಿ! ಪಾವತಿ ಎಲ್ಲಾ ಇಟ್ಟೀನಿ! ನನ್ನ ಎಮ್ಮಿ ತಂಟಿಗೆ ಬಂದ್ರ ನಿಮ್ಮ ಆಫೀಸಿನಾಗ ತಂದು ಕಟ್ಟತೀನಿ ನೋಡ್ರಿ!”

ಮ್ಯಾನೇಜರು ಬೆವರು ಒರೆಸಿಕೊಂಡು ಕಂಪ್ಯೂಟರಿನಲ್ಲಿ ಹುಡುಕಿಸಿದರು. ಆ ಲಕ್ಷ್ಮೀ ಕಟ್ಟಿದ ಕಂತುಗಳೆಲ್ಲ ಈ ಲಕ್ಷ್ಮಿಯ ಮುಗಿದುಹೋದ ಫ್ರಿಜ್ ಸಾಲದ ಖಾತೆಗೆ ಬಂದು ಬಿದ್ದಿದ್ದವು. ಹೆಸರೂ ಒಂದೇ, ಗಂಡನ ಹೆಸರೂ ಹತ್ತಿರ ಹತ್ತಿರ. ಯಾರೋ ಎರಡು ಖಾತೆಗಳನ್ನು ಜೋಡಿಸಿಬಿಟ್ಟಿದ್ದರು. ಅಂದರೆ ಸಾಲ ನನ್ನದಲ್ಲ. ಅವಳದೂ ಬಾಕಿ ಇಲ್ಲ!

ನನ್ನ ಎದೆಯ ಮೇಲಿಂದ ಎರಡೂ ಎಮ್ಮೆಗಳು ಒಟ್ಟಿಗೆ ಇಳಿದುಹೋದಂತಾಯಿತು. ನಗುವೂ ಅಳುವೂ ಸೇರಿ ಬಂತು. ವಿಷಯ ತಿಳಿದ ದೇವದುರ್ಗದ ಲಕ್ಷ್ಮೀ ಫೋನಿನಲ್ಲೇ ಮೆತ್ತಗಾದಳು. “ಯವ್ವಾ, ನನ್ನ ಹೆಸರಿನ ಸಲುವಾಗಿ ನಿಮಗ ತ್ರಾಸಾತೇನು? ಎಮ್ಮಿ ಈಯ್ದಾಗ ಬರ್ರಿ ನಮ್ಮ ಕಡಿ, ಗಿಣ್ಣ ಮಾಡಿ ಕೊಡ್ತೀನಿ.”

ಮ್ಯಾನೇಜರು ಕೈಮುಗಿದು ತಪ್ಪಾಯಿತೆಂದರು. ‘ನಿಮ್ಮ ಹೆಸರಿನಲ್ಲಿ ಯಾವ ಸಾಲವೂ ಇಲ್ಲ’ ಎಂಬ ಪತ್ರವನ್ನು ಮೊಹರು ಹಾಕಿ ಕೊಡುವುದಾಗಿ ಹೇಳಿ, ಅದಕ್ಕೆ ನನ್ನಿಂದ ಒಂದು ಅರ್ಜಿ ಬೇಕೆಂದರು. ನಾನು ಪೆನ್ನು ತೆಗೆದೆ. ಇಡೀ ಆಫೀಸು ಒಂದೇ ದನಿಯಲ್ಲಿ “ಬ್ಯಾಡ್ರಿ ಮೇಡಂ!” ಎಂದಿತು. ಯಜಮಾನರೇ ಒಂದು ಸಾಲು ಬರೆದರು. ನಾನು ಸಹಿ ಮಾತ್ರ ಮಾಡಿದೆ. ಕೆಳಗೆ ಏನನ್ನೂ ಬರೆಯಲಿಲ್ಲ.

ಮಾನ್ವಿಗೆ ಬಂದು ಇಳಿದವಳು ಮನೆಗೂ ಹೋಗದೆ ನೇರ ಈರಮ್ಮನ ಕೊಟ್ಟಿಗೆಗೆ ಹೋದೆ. ಅವಳು ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು. ತಲೆಯೆತ್ತಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಶುರುಮಾಡಿದೆ.

“ಈರಮ್ಮಾ, ನಿನ್ನೆ ಆದದ್ದು ನನ್ನಿಂದ ಆಗಿಲ್ಲಂತ ನಾ ಅನ್ನಾಂಗಿಲ್ಲ, ಖರೆ ಅದು ಬೇಕಂತ ಮಾಡಿದ್ದಲ್ಲ ಅನ್ನೋದನ್ನ ನೀ ತಿಳ್ಕೊಳ್ಳದೇ ಇರಾಂಗಿಲ್ಲ ಅಂತ…”

ಈರಮ್ಮ ಹಿಂಡಿಯ ಕೈಯನ್ನು ಮೇಲೆತ್ತಿದಳು. “ನಿಂದರ್ರಿ ಅಕ್ಕೋರ. ತಪ್ಪಾತು ಅಂತೀರೋ, ಆಗಿಲ್ಲ ಅಂತೀರೋ?”

“ತಪ್ಪಾತು!” ಎಂದೆ.

“ಹಾಂಗ ಅನ್ರಿ ಮತ್ತ. ಹೋಗಿ ಪಾತೇಲಿ ತರ್ರಿ, ಹಾಲು ಹಾಕ್ತೀನಿ.”

ಇಷ್ಟು ವರ್ಷ ವ್ಯಾಕರಣ ಕಲಿಸಿದ ನಾನು ಪಾತೇಲಿ ತರಲು ಓಡಿದೆ. ನನ್ನ ಜೀವನದಲ್ಲಿ ಒಬ್ಬರಿಗಾದರೂ ಪೂರ್ತಿ ಅರ್ಥವಾದ ವಾಕ್ಯ ಆ ‘ತಪ್ಪಾತು’ ಒಂದೇ ಇರಬೇಕು. ಅದನ್ನೂ ಆಡಿಸಿದವಳು ಈರಮ್ಮ.