ಹರಿಣಿಯ ವೈನ್ ಚೀಟಿ

“ವೈನಿನ ಚಿಂತೆ ನನಗೆ ಬಿಡು ಕಣೇ! ಯಾವ ಅಡುಗೆಗೆ ಯಾವ ವೈನು ಅಂತ ಇಡೀ ಚಿಕ್ಕಬಳ್ಳಾಪುರಕ್ಕೇ ಪಾಠ ಮಾಡ್ತೀನಿ, ನೋಡ್ತಿರು!”

ಗೌರಿಬಿದನೂರಿನ ಮನೆಯಿಂದ ಹರಿಣಿ ಫೋನಿನಲ್ಲಿ ಹೀಗೆ ಘೋಷಿಸಿದಾಗ ಅವಳ ಸೊಂಟದ ಮೇಲೆ ಹತ್ತು ತಿಂಗಳ ಮಗಳಿದ್ದಳು, ಹೆಗಲ ಮೇಲೆ ಆ ಮಗಳು ಆಗಷ್ಟೇ ಕಕ್ಕಿದ ರಾಗಿ ಸರಿಯಿತ್ತು. ಆ ಕಡೆ ಇದ್ದವಳು ಕಾಲೇಜಿನ ಗೆಳತಿ ತನುಜ. ಶನಿವಾರ ಸಂಜೆ ಚಿಕ್ಕಬಳ್ಳಾಪುರದ ಅವಳ ಮನೆಯಲ್ಲಿ ಐದು ಸುತ್ತಿನ ಊಟ. ಸೂಪು, ಗೋಬಿ ಮಂಚೂರಿ, ಕೋಳಿ ಫ್ರೈ, ಮುದ್ದೆಯ ಜೊತೆ ಮಟನ್ ಸಾರು, ಕೊನೆಗೆ ಒಬ್ಬಟ್ಟು!

ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದ ಹರಿಣಿ ಹತ್ತು ತಿಂಗಳಿಂದ ಹೊಸ್ತಿಲು ದಾಟಿದ್ದು ಮಗುವಿಗೆ ಚುಚ್ಚುಮದ್ದು ಹಾಕಿಸುವುದಕ್ಕೆ ಮಾತ್ರ. ತಾನು ಬರೀ ಸರಿ ಕಲಸುವವಳಲ್ಲ ಎಂದು ಲೋಕಕ್ಕೆ ತೋರಿಸಲು ಒಂದು ಸಂಜೆ ಸಿಕ್ಕಿತ್ತು. ವೈನಿನ ವಿದ್ಯೆಯನ್ನೆಲ್ಲ ಅವಳು ಭಾನುವಾರದ ಪುರವಣಿಯೊಂದರಿಂದ ಸಂಪಾದಿಸಿದ್ದಳು. ರುಚಿ ನೋಡುವಂತಿರಲಿಲ್ಲ. ಮಗು ಇನ್ನೂ ಎದೆಹಾಲು ಕುಡಿಯುತ್ತಿತ್ತು.

ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿತ್ತು. ಮಗುವನ್ನು ಮೊದಲ ಬಾರಿಗೆ ಅತ್ತೆಯ ಕೈಗೆ ಬಿಟ್ಟುಹೋಗಬೇಕು. ಅತ್ತೆ ಕೊಂಡಮ್ಮ ಐದು ಮಕ್ಕಳನ್ನು ಸಾಕಿದವರು, ನಿಜ. ಆದರೆ ಥರ್ಮಾಮೀಟರ್ ಇಲ್ಲದೆ, ಕುದಿಸಿದ ಚಮಚವಿಲ್ಲದೆ ಬೆಳೆದ ಆ ಐವರು ಬದುಕುಳಿದದ್ದು ವೈದ್ಯಲೋಕದ ಪವಾಡವೆಂದೇ ಹರಿಣಿಯ ನಂಬಿಕೆ. ಆ ಐವರಲ್ಲಿ ಕೊನೆಯವನೇ ಅವಳ ಗಂಡ ಸಿದ್ಧಾರ್ಥ್. ಅವನನ್ನು ನೋಡಿದಾಗಲೆಲ್ಲ ಆ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತಿತ್ತು!

ಹಾಗಾಗಿ ಶನಿವಾರ ಅವಳು ಎರಡು ಚೀಟಿ ಬರೆದಳು. ಒಂದು ಮಗುವಿನದು, ಅತ್ತೆಗೆ. ಇನ್ನೊಂದು ವೈನಿನದು, ಊಟದ ಮೇಜಿಗೆ. ಲೇಬಲ್ಲು ಅತ್ತೆಯ ಕಣ್ಣಿಗೆ ಬೀಳದಿರಲೆಂದು, ಸಿದ್ಧಾರ್ಥ್ ತಂದುಕೊಟ್ಟ ವೈನುಗಳನ್ನು ಹಳೆಯ ಸ್ಕ್ವಾಷ್ ಬಾಟಲಿಗಳಿಗೆ ಬಗ್ಗಿಸಿದಳು. ಕೆಂಪು ವೈನು, ಸಿಹಿ ವೈನು ಚೀಲ ಸೇರಿದವು. ಸೂಪಿನ ಜೊತೆಯ ಬಿಳಿ ವೈನು ತಣ್ಣಗಾಗಲು ಫ್ರಿಜ್ಜಿಗೆ ಹೋಯಿತು. ಪಕ್ಕದಲ್ಲೇ ಅಂಥದೇ ಬಾಟಲಿಯಲ್ಲಿ ಮಗುವಿನ ಹೊಟ್ಟೆನೋವಿಗೆ ಕಾಯಿಸಿ ಸೋಸಿಟ್ಟ ಓಮದ ನೀರು. ಎರಡರದೂ ಒಂದೇ ತಿಳಿಹಳದಿ ಬಣ್ಣ. ಗೊಂದಲವಾಗದಿರಲೆಂದು ಆಯಾ ಚೀಟಿಯನ್ನು ಆಯಾ ಬಾಟಲಿಗೇ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದಳು. ಎಂಥ ಮುಂಜಾಗ್ರತೆ!

ಹೊರಡುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಮಗು ಅಳತೊಡಗಿತು. ಹೊರಗೆ ಸಿದ್ಧಾರ್ಥ್ ಹಾರ್ನ್ ಹೊಡೆಯತೊಡಗಿದ. ಹರಿಣಿ ಕತ್ತಲಲ್ಲೇ ಫ್ರಿಜ್ಜಿಗೆ ಕೈಹಾಕಿ ಒಂದು ಬಾಟಲಿ ಎಳೆದುಕೊಂಡಳು.

“ಅತ್ತೆ, ಇನ್ನೊಂದು ಬಾಟ್ಲಿ ಫ್ರಿಜ್ಜಲ್ಲಿದೆ. ಪಾಪು ಹೊಟ್ಟೆ ಹಿಡ್ಕೊಂಡ್ರೆ ಚೀಟೀಲಿ ಬರೆದಿರೋ ಹಾಗೇ ಕೊಡಿ. ಒಂದಕ್ಷರ ಆಚೀಚೆ ಆಗಬಾರದು!”

“ಏಮ್ಮಾ, ಎರಡು ತುತ್ತು ಉಂಡು ಬರೋಕೆ ಹೋಗ್ತಿದ್ಯೋ, ದಂಡಿಗೆ ಹೋಗ್ತಿದ್ಯೋ? ಹೋಗ್ ಬಾರಮ್ಮ, ನಾನಿದೀನಿ,” ಎಂದರು ಕೊಂಡಮ್ಮ, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ.

ಚಿಕ್ಕಬಳ್ಳಾಪುರದಲ್ಲಿ ಸೂಪು ಬಂತು. ಹರಿಣಿ ಚೀಟಿಯನ್ನು ಬಿಚ್ಚಿ, ಓದದೆಯೇ, ತನುಜಳ ಗಂಡ ಮಧುಸೂದನನ ತಟ್ಟೆಯ ಪಕ್ಕ ಇಟ್ಟಳು. ಅವಳಿಗೆ ಅದೆಲ್ಲ ಬಾಯಿಪಾಠ! ಮೂರು ಗ್ಲಾಸಿಗೆ ಗಂಭೀರವಾಗಿ ಸುರಿದಳು.

“ಅವಸರ ಬೇಡ. ಮೊದಲು ಮೂಸಿ. ಏನು ಪರಿಮಳ ಬರ್ತಿದೆ?”

“ಏನೋ... ಗಿಡಮೂಲಿಕೆ ಥರ,” ಎಂದ ಮಧುಸೂದನ್.

“ಕರೆಕ್ಟ್! ಅದೇ ಇದರ ಹೆಚ್ಚುಗಾರಿಕೆ!”

ತನುಜ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. “ಆಹಾ! ಹೊಟ್ಟೆಗೆ ಎಷ್ಟು ಹಗುರ ಕಣೇ! ದುಬಾರಿ ವೈನು ಅಂದ್ರೆ ಹಿಂಗಿರುತ್ತೆ ನೋಡು.” ಹಿಂದೆಯೇ ಮಧುಸೂದನ್ ಜೋರಾಗಿ ತೇಗಿದ.

ಸಿದ್ಧಾರ್ಥ್ ಮಾತ್ರ ಗ್ಲಾಸನ್ನು ದಿಟ್ಟಿಸಿದ. “ಹರಿಣಿ, ಈ ರುಚಿ ನಾನು ಚಿಕ್ಕಂದಿನಲ್ಲೇ ನೋಡಿದ್ದೀನಿ ಕಣೇ.”

“ಹುಟ್ಟಿದಾಗಿನಿಂದ ವೈನ್ ಕುಡಿದೋರ ಹಾಗೆ ಮಾತಾಡ್ಬೇಡಿ. ಮಧು ಅವ್ರೇ, ಚೀಟಿ ಓದಿ!”

ಮಧುಸೂದನ್ ಗಂಟಲು ಸರಿಮಾಡಿಕೊಂಡು ಓದಿದ. “‘ಉಗುರುಬೆಚ್ಚಗೆ ಮಾಡಿ, ಎರಡೇ ಚಮಚ. ಆಮೇಲೆ ಹೆಗಲ ಮೇಲೆ ಹಾಕಿಕೊಂಡು ಬೆನ್ನು ತಟ್ಟುವುದು. ತೇಗು ಬರುವವರೆಗೆ ಮಲಗಿಸಬಾರದು. ಆದರೂ ಅತ್ತರೆ ಚಡ್ಡಿ ಬಿಚ್ಚಿ ನೋಡುವುದು.’” ಅವನು ತಲೆಯೆತ್ತಿದ. “ಸಿಸ್ಟರ್, ಯಾರ ಚಡ್ಡಿ?”

ತನುಜ ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು. ಹರಿಣಿ ನಗಲಿಲ್ಲ. ಮಗುವಿನ ಚೀಟಿ ಇಲ್ಲಿದ್ದರೆ ವೈನಿನ ಚೀಟಿ ಎಲ್ಲಿ? ಓಮದ ನೀರು ಇಲ್ಲಿದ್ದರೆ ವೈನು...? ತಾನೇ ಬರೆದ ಸಾಲುಗಳು ಕಣ್ಣ ಮುಂದೆ ಕುಣಿದವು. ‘ಚೆನ್ನಾಗಿ ತಣ್ಣಗಿರಲಿ. ಸಣ್ಣ ಗುಟುಕು. ಖಾಲಿಯಾದಂತೆ ತುಂಬುತ್ತಿರುವುದು!’

“ರೀ! ನಮ್ಮ ಪಾಪೂಗೆ ವೈನು!”

ಮನೆಗೆ ಫೋನ್ ಮಾಡಿದರೆ ಎಂಗೇಜು. ಮತ್ತೆ ಮಾಡಿದರೂ ಎಂಗೇಜು.

“ಅತ್ತೆ ಆಸ್ಪತ್ರೆಗೆ ಫೋನ್ ಮಾಡ್ತಿದ್ದಾರೆ! ಅಷ್ಟೇ, ಮುಗೀತು!”

ಮಂಚೂರಿಯನ್ನು ಮೇಜಿನ ಮೇಲೇ ಬಿಟ್ಟು ಇಬ್ಬರೂ ಹಳೆಯ ಮಾರುತಿ ಹತ್ತಿದರು. ಓಡಿಸುವವನು ಕುಡಿದದ್ದು ಓಮದ ನೀರಾದ್ದರಿಂದ ಆ ಒಂದು ವಿಷಯದಲ್ಲಿ ಭಯವಿರಲಿಲ್ಲ. ಮಂಚೇನಹಳ್ಳಿ ದಾಟುವಷ್ಟರಲ್ಲಿ ಹರಿಣಿ ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದಳು. ಇನ್ನು ಮನೆ ಬಿಟ್ಟು ಕದಲುವುದಿಲ್ಲ. ವೈನಿನ ಹೆಸರೆತ್ತುವುದಿಲ್ಲ. ಮಗು ಒಂದು ಸಲ ಕಣ್ಣು ಬಿಟ್ಟರೆ ಸಾಕು.

“ಅಮ್ಮ ಹಂಗೆಲ್ಲ ಕೊಡಲ್ಲ ಕಣೇ,” ಎಂದ ಸಿದ್ಧಾರ್ಥ್.

“ಚೀಟೀಲಿರೋ ಹಾಗೇ ಕೊಡಿ ಅಂತ ಹೇಳಿದ್ದು ನಾನೇ ಅಲ್ವೇನ್ರೀ!” ಎಂದವಳೇ ಬಿಕ್ಕಿ ಬಿಕ್ಕಿ ಅತ್ತಳು.

ಮನೆಯ ಬಾಗಿಲು ತೆರೆದಾಗ ಕೊಂಡಮ್ಮ ತುಟಿಯ ಮೇಲೆ ಬೆರಳಿಟ್ಟರು. “ಉಶ್! ಈಗ ತಾನೇ ಮಲಗವ್ಳೆ.”

ಹರಿಣಿ ತೊಟ್ಟಿಲಿಗೆ ಬಗ್ಗಿ ಮಗುವಿನ ಬಾಯಿ ಮೂಸಿದಳು. ರಾಗಿ, ಹಾಲು. ಮತ್ತೊಮ್ಮೆ ಮೂಸಿದಳು. ರಾಗಿ, ಹಾಲು. ಪುರವಣಿಯಲ್ಲಿ ಹೇಳಿದ್ದ ಯಾವ ಪರಿಮಳವೂ ಇದರ ಮುಂದೆ ನಿಲ್ಲುವಂತಿರಲಿಲ್ಲ. ಅವಳು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

“ಫೋನು ಯಾಕೆ ಎಂಗೇಜಿತ್ತು ಅತ್ತೆ?”

“ನೀನು ಗಳಿಗೆಗೊಂದು ಸಲ ಮಾಡಿ ಮಗೂನ ಎಬ್ಬಿಸ್ತೀಯ ಅಂತ ರಿಸೀವರ್ ಎತ್ತಿ ಪಕ್ಕಕ್ಕಿಟ್ಟೆ.”

“ಆ ಬಾಟ್ಲಿ... ಪಾಪೂಗೆ ಕೊಡ್ಲಿಲ್ಲ ತಾನೇ?”

“ಅಯ್ಯೋ ನಾ ತಲ್ಲಿ! ಮುಚ್ಚಳ ತೆಗೀತಿದ್ದಂಗೇ ಗೊತ್ತಾಯ್ತು. ಐದು ಮಕ್ಕಳಿಗೆ ಓಮದ ನೀರು ಕುಡಿಸಿರೋಳಿಗೆ ಮೂಗಿಲ್ವಾ? ಮಗೂಗೆ ಸರಿ ತಿನ್ನಿಸ್ದೆ, ತೊಟ್ಟಿಲು ತೂಗ್ದೆ, ಮಲಗಿದ್ಲು.” ಕೊಂಡಮ್ಮ ಬಗ್ಗಿ ಸೊಸೆಯ ಕಣ್ಣನ್ನು ಸೆರಗಿನಿಂದ ಒರೆಸಿದರು. “ಇಷ್ಟಕ್ಕೆಲ್ಲ ಅಳ್ತಾರಾ, ಹುಚ್ಚಿ?”

ಸಿದ್ಧಾರ್ಥ್ ಅಡುಗೆಮನೆಯಿಂದ ಬಾಟಲಿ ಹಿಡಿದುಕೊಂಡು ಬಂದ. ಅದರಲ್ಲಿ ಒಂದು ಹನಿಯೂ ಇರಲಿಲ್ಲ. “ಅಮ್ಮಾ, ಇದರಲ್ಲಿದ್ದಿದ್ದು?”

ಕೊಂಡಮ್ಮನ ಮುಖ ಆಗಲೇ ಸ್ವಲ್ಪ ಕೆಂಪಗಿತ್ತು.

“ಒಂದಕ್ಷರ ಆಚೀಚೆ ಆಗಬಾರದು ಅಂದಿದ್ಲಲ್ಲಪ್ಪ. ಅಕ್ಷರ ಕೂಡಿಸ್ಕೊಂಡು ಓದ್ದೆ. ತಣ್ಣಗಿರಲಿ ಅಂತಿತ್ತು, ಇತ್ತು. ಸಣ್ಣ ಗುಟುಕು ಅಂತಿತ್ತು, ಹಂಗೇ ಮಾಡ್ದೆ. ಖಾಲಿಯಾದಂಗೆಲ್ಲ ತುಂಬಿ ಅಂತಿತ್ತು, ತುಂಬ್ಕೊಂಡೆ.” ಆಮೇಲೆ ಸೊಸೆಯ ತಲೆ ಸವರಿ, ಬಲು ಅಕ್ಕರೆಯಿಂದ ಹೇಳಿದರು. “ಇನ್ಮೇಲೆ ಆಗಾಗ ಹೋಗ್ ಬಾರಮ್ಮ. ಮಗೂಗೇನೂ ಚೀಟಿ ಬೇಡ. ನಂಗೆ ಮಾತ್ರ ಒಂದು ಬರೆದಿಟ್ಟು ಹೋಗು!”